‘ರಜಾ ಎಷ್ಟ್ ದಿನ ಅದ?’ — ಕೊಲ್ಲಿಯಿಂದ ಕಾಯಂ ಮರಳಿದವರ ಪಾಡು

ಬೆಳಗಿನ ಜಾವ ಹೈದರಾಬಾದಿನ ಬಸ್ಸು ರಾಯಚೂರು ನಿಲ್ದಾಣಕ್ಕೆ ಬಂದು ನಿಂತಾಗ, ಇಳಿಯುವವರ ನಡುವೆ ಒಬ್ಬ ಆಸಾಮಿಯನ್ನು ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ಹಗ್ಗ ಬಿಗಿದ ಎರಡು ರಟ್ಟಿನ ಪೆಟ್ಟಿಗೆ, ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಹೆಸರು, ಊರು, ಫೋನ್ ನಂಬರು. ಕಣ್ಣಲ್ಲಿ ನಿದ್ದೆ, ಮೈಮೇಲೆ ಅತ್ತರಿನ ವಾಸನೆ. ಶಂಷಾಬಾದಿನಲ್ಲಿ ವಿಮಾನ ಇಳಿದು, ಮಹಬೂಬನಗರ, ಮಖ್ತಲ್ ಹಾದು, ಕೃಷ್ಣಾ ನದಿ ದಾಟಿ ಬಂದವರು. ಚಹಾದಂಗಡಿಯವರು, ಆಟೋದವರು, ಬಾಜೂ ಸೀಟಿನವರು, ಎಲ್ಲರದೂ ಒಂದೇ ಪ್ರಶ್ನೆ:

“ಏನ್ ಭಾಯ್, ರಜಾ ಎಷ್ಟ್ ದಿನ ಅದ?”

“ಎರಡು ತಿಂಗಳು” ಎಂಬ ಉತ್ತರ ಬರುವಷ್ಟು ವರ್ಷ ಎಲ್ಲವೂ ಚೆಂದ. “ರಜಾ ಅಲ್ಲ, ಕಾಯಂ ಬಂದೀನಿ” ಎಂದರೆ ಕೇಳಿದವರು ಸುಮ್ಮನಾಗುತ್ತಾರೆ. ಯಾಕೆ, ಏನಾಯಿತು, ಕೆಲಸ ಹೋಯಿತೇ, ಮೈಗೆ ಹುಷಾರಿಲ್ಲವೇ? ಬಾಯಿಬಿಟ್ಟು ಕೇಳದಿದ್ದರೂ ಮುಖದ ಮೇಲೆ ಬರೆದಿರುತ್ತದೆ. ರಜೆಗೆ ಬಂದವರನ್ನು ಹೇಗೆ ಮಾತಾಡಿಸಬೇಕೆಂದು ಊರಿಗೆ ಗೊತ್ತು. ಕಾಯಂ ಬಂದವರನ್ನು ಏನು ಕೇಳಬೇಕೆಂದು ಮಾತ್ರ ಗೊತ್ತಿಲ್ಲ.

ರಾಯಚೂರಿನ ಗಲ್ಲಿಗಳಲ್ಲಿ, ಮಾನ್ವಿಯಲ್ಲಿ ಇಂಥವರು ಒಬ್ಬಿಬ್ಬರಲ್ಲ. ದಮ್ಮಾಮಿನಲ್ಲಿ ದುಡಿದರೂ, ದೋಹಾದಲ್ಲಿ ದುಡಿದರೂ ಊರಿನ ಬಾಯಲ್ಲಿ ಎಲ್ಲರೂ ‘ದುಬೈದವರು’. ಹಲವರ ಬಾಳಿನಲ್ಲಿ ಕಾಣುವುದನ್ನು ಎರಡು ಮೂರು ಮನೆಗಳ ಮಾದರಿಯಲ್ಲಿಟ್ಟು ನೋಡಿದರೆ, ಹೋಗುವುದಕ್ಕಿಂತ ಬರುವುದೇ ಕಠಿಣ ಎಂಬ ಮಾತು ಸುಳ್ಳಲ್ಲ.

ಹೊರಟದ್ದು ಒಮ್ಮೆ, ಮರಳಿದ್ದು ಹಲವು ಸಲ

1973ರಲ್ಲಿ ಎಣ್ಣೆಯ ಬೆಲೆ ಏರಿತು. ಕೊಲ್ಲಿ ದೇಶಗಳಲ್ಲಿ ರಸ್ತೆ, ಬಂದರು, ಬಂಗಲೆಗಳ ಕೆಲಸ ಶುರುವಾಯಿತು. ಕೇರಳದವರು, ಕರಾವಳಿಯವರು, ಹೈದರಾಬಾದಿನವರು ಹೋದರು. ಹೈದರಾಬಾದಿನ ನಂಟು ಎಂದೂ ಬಿಡದ ರಾಯಚೂರು ಸೀಮೆಯವರೂ ಅವರ ಬೆನ್ನು ಹಿಡಿದರು. ಹೋದವರು ರಜೆಗೆ ಬಂದಾಗ ಟೇಪ್ ರೆಕಾರ್ಡರ್, ವಾಚು, ಸೆಂಟಿನ ಬಾಟಲಿ ತಂದರು. ಅದನ್ನು ನೋಡಿ ಹಿಂದೆ ಮತ್ತಷ್ಟು ಮಂದಿ ಹೊರಟರು.

ಮರಳುವ ಕಾಲ ಮಾತ್ರ ಹೇಳಿ ಕೇಳಿ ಬರುವುದಿಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಭಾರತದ ಸುಮಾರು 1,70,000 ಜನರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಮುಂಬಯಿಗೆ ಕರೆತರಲಾಯಿತು. ಉಟ್ಟ ಬಟ್ಟೆಯಲ್ಲಿ ಬಂದವರೇ ಹೆಚ್ಚು. ವಿಶ್ವಸಂಸ್ಥೆ 1991ರಲ್ಲಿ ಪರಿಹಾರದ ಆಯೋಗ ರಚಿಸಿತಾದರೂ ರೊಕ್ಕ ಕೈಗೆ ಹತ್ತಲು ವರ್ಷಗಳೇ ಹಿಡಿದವು. ಬಳಿಕ ಸೌದಿ ಸರ್ಕಾರ ತನ್ನ ಪ್ರಜೆಗಳಿಗೇ ಕೆಲಸವೆಂದು ‘ನಿತಾಕತ್’ ನಿಯಮ ತಂದು 2013ರಲ್ಲಿ ಬಿಗಿ ಮಾಡಿತು. 2017ರ ಜುಲೈಯಿಂದ ಹೊರನಾಡಿನವರ ಹೆಂಡತಿ, ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. 2020ರ ಹೊತ್ತಿಗೆ ಅದು 400ಕ್ಕೆ ಏರಿತು. ಸಂಸಾರ ಸಮೇತ ಇದ್ದ ಅನೇಕರು ಹೆಂಡತಿ, ಮಕ್ಕಳನ್ನು ಊರಿಗೆ ಕಳಿಸಿಬಿಟ್ಟರು. ಕೊನೆಗೆ 2020ರ ಕೊರೋನಾ. ಆ ವರ್ಷ ಮೇ 7ರಂದು ‘ವಂದೇ ಭಾರತ್’ ವಿಮಾನಗಳು ಶುರುವಾದವು. ರಜೆ ಬೇಡದವರೂ ಬಂದರು, ಕೆಲಸ ಕಳಕೊಂಡವರೂ ಬಂದರು.

ಬಡ್ಡಿಯಿಲ್ಲದ ಬ್ಯಾಂಕು

ಮಾನ್ವಿಯ ಒಬ್ಬ ಟ್ರೇಲರ್ ಡ್ರೈವರನ್ನೇ ತಗೊಳ್ಳಿ. ಹತ್ತು ವರ್ಷ ಸೌದಿಯಲ್ಲಿ ಒಂದೇ ಕಂಪನಿ, ತಿಂಗಳಿಗೆ 1,500 ರಿಯಾಲ್ ಸಂಬಳ. ಕರಾರು ಮುಗಿದು ಕಾಯಂ ಹೊರಡುವಾಗ ಅಲ್ಲಿನ ಕಾರ್ಮಿಕ ಕಾನೂನಿನಂತೆ ಸೇವಾ ಇನಾಮು ಸಿಗಬೇಕು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ವರ್ಷಕ್ಕೆ ಒಂದೊಂದು ತಿಂಗಳ ಸಂಬಳ. ಲೆಕ್ಕ ಸುಲಭ: ಮೊದಲ ಐದಕ್ಕೆ 3,750, ಮುಂದಿನ ಐದಕ್ಕೆ 7,500, ಒಟ್ಟು 11,250 ರಿಯಾಲ್. ರಿಯಾಲಿಗೆ 22 ರೂಪಾಯಿ ಹಿಡಿದರೆ 2,47,500 ರೂಪಾಯಿ. (ಮನೆಯ ಡ್ರೈವರುಗಳಿಗೆ, ಮನೆಗೆಲಸದವರಿಗೆ ನಿಯಮ ಬೇರೆ, ಅವರ ಕೈಗೆ ಬರುವುದು ಇದಕ್ಕಿಂತ ಕಡಿಮೆ.)

ಹತ್ತು ವರ್ಷದ ಕೊನೆಯ ಗಂಟು ಇಷ್ಟೇ. ಉಳಿದದ್ದೆಲ್ಲ ತಿಂಗಳು ತಿಂಗಳು ಊರಿಗೆ ಬಂದು ಮನೆಯ ಸ್ಲ್ಯಾಬಿಗೆ, ತಂಗಿಯ ಮದುವೆಗೆ, ಏಜೆಂಟನಿಗೆ ಕೊಟ್ಟ ಸಾಲಕ್ಕೆ ಮೊದಲೇ ಹೋಗಿರುತ್ತದೆ.

ಊರಿನ ಲೆಕ್ಕವೇ ಬೇರೆ! “ಹತ್ತು ವರ್ಷ ದುಬೈನಾಗ ಇದ್ದ ಮನುಷ್ಯ, ರೊಕ್ಕ ಇಲ್ಲ ಅಂದ್ರ ನಂಬಬೇಕೇನ್ರೀ?” ಮೊದಲ ವಾರದಲ್ಲೇ ಕೈಗಡ ಕೇಳುವವರು ಬರುತ್ತಾರೆ. ಅಳಿಯನಿಗೆ ಬೈಕು, ಅಣ್ಣನ ಮಗನಿಗೆ ಕಾಲೇಜು ಫೀಜು, ಗೆಳೆಯನ ಅಂಗಡಿಗೆ ಬಂಡವಾಳ. ಕೊಟ್ಟರೆ ರೊಕ್ಕ ಹೋಗುತ್ತದೆ, ಕೊಡದಿದ್ದರೆ ನಂಟು ಹೋಗುತ್ತದೆ. ಬಜಾರಿನಲ್ಲಿ ಬಟ್ಟೆ ಕೊಳ್ಳಲು ನಿಂತರೆ ಚೌಕಾಸಿಗೆ ಜಾಗವಿಲ್ಲ. ಉಸ್ಮಾನಿಯಾ ಮಾರುಕಟ್ಟೆಯಲ್ಲಿ ಕಾಯಿಪಲ್ಯೆಯ ದರ ಕೇಳಿದರೂ “ನಿಮಗೇನ್ರಿ ಭಾಯ್, ರಿಯಾಲಿನ್ಯಾಗ ಕೊಡೋರು” ಎಂಬ ನಗೆಚಾಟಿಕೆ. ರಜೆಯ ಎರಡು ತಿಂಗಳು ಈ ಮಾತು ಹಿತವಾಗಿತ್ತು. ಕಾಯಂ ಬಂದ ಮೇಲೆ ಅದೇ ಮಾತು ಚುಚ್ಚುತ್ತದೆ.

ಇನ್ನೊಂದು ಸೂಕ್ಷ್ಮ ವ್ಯಾಪಾರಿಗಳಿಗೇ ಗೊತ್ತು. ಊರಿನ ಗಿರಾಕಿಗೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುತ್ತದೆ. ‘ದುಬೈದವರಿಗೆ’ ಉದ್ರಿ ಇಲ್ಲ; ಅವರು ನಗದು ಕೊಡಲೇಬೇಕು. ಮರ್ಯಾದೆಯ ಹೆಸರಿನಲ್ಲಿ ಅದು ಒಂದು ಬಗೆಯ ದೂರ ಇಡುವಿಕೆ.

ಎಡಕ್ಕಿದ್ದ ಸ್ಟಿಯರಿಂಗು ಬಲಕ್ಕೆ

ಗಂಟು ಕರಗುವ ಮೊದಲು ದುಡಿಮೆ ಹಿಡಿಯಬೇಕು. ಡ್ರೈವರಿಗೆ ಡ್ರೈವಿಂಗೇ ಸಲೀಸು ಎಂದು ಯಾರಾದರೂ ಹೇಳಿಯಾರು. ಕೊಲ್ಲಿಯಲ್ಲಿ ಗಾಡಿ ರಸ್ತೆಯ ಬಲಕ್ಕೆ ಓಡುತ್ತದೆ, ಸ್ಟಿಯರಿಂಗು ಎಡಕ್ಕಿರುತ್ತದೆ. ಇಲ್ಲಿ ಎಲ್ಲವೂ ಉಲ್ಟಾ. ಹತ್ತು ವರ್ಷದ ಕೈರೂಢಿ ಮಾನ್ವಿ ರಸ್ತೆಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದ ಗಳಿಗೆಯಲ್ಲಿ ತಪ್ಪು ಕಡೆ ಎಳೆದರೆ ಜೀವಕ್ಕೇ ಅಪಾಯ.

ಅದಕ್ಕಿಂತ ಮೊದಲು ಲೈಸೆನ್ಸಿನ ಮಾತು. ಸೌದಿ ಲೈಸೆನ್ಸು ಇಲ್ಲಿ ಹೊಟ್ಟೆ ಹೊರೆಯುವುದಿಲ್ಲ. ಹೋಗುವ ಮುಂಚೆ ಮಾಡಿಸಿದ ಇಲ್ಲಿನ ಲೈಸೆನ್ಸು ಪೆಟ್ಟಿಗೆಯಲ್ಲಿ ಮಲಗಿ ಅವಧಿ ಮೀರಿರುತ್ತದೆ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಂತೆ ಅವಧಿ ಮುಗಿದು ಒಂದು ವರ್ಷದೊಳಗೆ ಅರ್ಜಿ ಕೊಟ್ಟರೆ ನವೀಕರಣ. ಅದೂ ದಾಟಿದ್ದರೆ ಮತ್ತೆ ಪರೀಕ್ಷೆ. ಮರುಭೂಮಿಯಲ್ಲಿ ಟ್ರೇಲರ್ ಓಡಿಸಿದವರು ಹದಿನೆಂಟರ ಹುಡುಗರ ಸಾಲಿನಲ್ಲಿ ನಿಂತು ಗಾಡಿ ಹಿಂದಕ್ಕೆ, ಮುಂದಕ್ಕೆ ತಗೊಂಡು ತೋರಿಸಬೇಕು. ರಜೆಗೆ ಬಂದಾಗಲೇ ನವೀಕರಿಸಿಕೊಂಡವರು ಜಾಣರು.

ಇನ್ನು ಸಂಬಳ. ಇಲ್ಲಿ ಮೊದಲ ತಿಂಗಳ ಪಗಾರ ಕೈಗೆ ಬಂದ ದಿನ ಮನಸ್ಸು ತಾನೇ ಅದನ್ನು ರಿಯಾಲಿಗೆ ಭಾಗಿಸುತ್ತದೆ. ಆ ಭಾಗಾಕಾರ ನಿಲ್ಲುವ ತನಕ ಯಾವ ಕೆಲಸವೂ ಒಗ್ಗುವುದಿಲ್ಲ. ಅನೇಕರು ಆರು ತಿಂಗಳಲ್ಲಿ ಮತ್ತೆ ಏಜೆಂಟನ ಬಾಗಿಲಿಗೆ ಹೋಗುವುದು ಈ ಕಾರಣಕ್ಕೇ.

ಭೂಮಿ ಕೊಂಡವರ ಗತಿ

“ಇನ್ನೊಬ್ಬರ ಕೈ ಕೆಳಗ ಸಾಕು, ಭೂಮಿ ಮಾಡೂಣು” ಎನ್ನುವವರು ಮಾನ್ವಿ ಭಾಗದಲ್ಲಿ ಹೆಚ್ಚು. ಬೇಸಾಯಗಾರರಲ್ಲದವರೂ ಕೃಷಿಭೂಮಿ ಕೊಳ್ಳಲು 2020ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ದಾರಿ ಮಾಡಿತು. ಕೊಳ್ಳುವಷ್ಟು ರೊಕ್ಕ ಇಲ್ಲದವರು ಲೀಜಿಗೆ ಹಿಡಿದು ಭತ್ತ ಹಚ್ಚುತ್ತಾರೆ.

ದೂರದಿಂದ ನೋಡಿದರೆ ಮಾನ್ವಿ ಎಂದರೆ ತುಂಗಭದ್ರೆಯ ಎಡದಂಡೆ ಕಾಲುವೆ, ಹಸಿರು ಗದ್ದೆ. ಹತ್ತಿರ ಬಂದರೆ ಮಾತ್ರ ಅದು ಕಾಲುವೆಯ ಕೊನೆಭಾಗ ಎಂಬುದು ತಿಳಿಯುತ್ತದೆ. ಮೇಲಿನವರು ಕುಡಿದು ಮಿಕ್ಕ ನೀರು ಕೆಳಗಿನವರಿಗೆ. ನೀರಿಗಾಗಿ ಕೊನೆಭಾಗದ ರೈತರು ರಸ್ತೆಗೆ ಇಳಿಯುವುದು ಹೊಸ ಸುದ್ದಿಯಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ, ತುಂಬಿದ ಕೆರೆಯ ಕಟ್ಟೆ ಒಡೆದಂತೆ ಇಡೀ ಸೀಮೆ ನಡುಗಿತು. ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದರು, ಆದರೆ ಅಷ್ಟರಲ್ಲಿ ನದಿಗೆ ಹರಿದ ನೀರು ಹರಿದೇ ಹೋಯಿತು.

ಹುಟ್ಟಿದಂದಿನಿಂದ ಒಕ್ಕಲುತನ ಮಾಡಿದವನಿಗೆ ಇಂಥ ಹೊಡೆತ ತಾಳಿಕೊಳ್ಳುವ ಉಪಾಯ ಗೊತ್ತು. ಒಂದು ಬೆಳೆ ಹೋದರೆ ಸೊಸೈಟಿ ಉಂಟು, ಅಡತಿಯವರು ಉಂಟು, ಬೀಗರು ಉಂಟು. ಹೊರನಾಡಿನಿಂದ ಗಂಟು ತಂದು ಭೂಮಿಗೆ ಸುರಿದವನಿಗೆ ಇರುವುದು ಆ ಒಂದು ಗಂಟೇ. ಅದಕ್ಕೇ ಅನುಭವಸ್ಥರು ಹೇಳುವುದು: ಮೊದಲ ವರ್ಷ ಭೂಮಿಗೂ ಅಂಗಡಿಗೂ ಪೂರಾ ರೊಕ್ಕ ಹಾಕಬೇಡಿ, ಒಂದು ವರ್ಷ ಊರನ್ನು ಮತ್ತೆ ಕಲಿಯಿರಿ.

ಮನೆಯ ಯಜಮಾನಿ ಯಾರು?

ಬಜಾರಿಗಿಂತ ಕಷ್ಟದ ಜಾಗ ಮನೆ. ಗಂಡ ಹೋದಂದಿನಿಂದ ಮನೆ ನಡೆಸಿದವಳು ಹೆಂಡತಿ. ಮಗನ ಅಡ್ಮಿಶನ್, ಅತ್ತೆಯ ಆಸ್ಪತ್ರೆ, ಬೋರಿನ ರಿಪೇರಿ, ಸ್ಲ್ಯಾಬಿನ ಸಿಮೆಂಟು, ಎಲ್ಲ ಆಕೆಯ ತಲೆಯ ಮೇಲೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ರೇಷನ್ ಕಾರ್ಡಿನಲ್ಲಿ ಕುಟುಂಬದ ಮುಖ್ಯಸ್ಥೆ ಮನೆಯ ಹಿರಿಯ ಹೆಂಗಸು. 2023ರಲ್ಲಿ ಬಂದ ಗೃಹಲಕ್ಷ್ಮಿಯ 2,000 ರೂಪಾಯಿ ಬೀಳುವುದೂ ಯಜಮಾನಿಯ ಖಾತೆಗೇ. ಗಂಡ ಅಂಗಡಿ ತೆರೆದು ಜಿಎಸ್‌ಟಿ ರಿಟರ್ನ್ ಕಟ್ಟತೊಡಗಿದರೆ ಆ 2,000ಕ್ಕೆ ಅರ್ಹತೆ ತಪ್ಪುತ್ತದೆ ಎಂಬುದನ್ನು ಲೆಕ್ಕ ಹಾಕಿ ಹೇಳುವವಳೂ ಆಕೆಯೇ!

ಒಂದು ದಿನ ಗಂಡ ಹೆಂಡತಿ ಮಾನ್ವಿಯಿಂದ ರಾಯಚೂರಿಗೆ ಬಸ್ ಹತ್ತುತ್ತಾರೆ. 2023ರ ಜೂನ್ 11ರಿಂದ ಹೆಂಗಸರಿಗೆ ಪ್ರಯಾಣ ಪುಕ್ಕಟೆ. ಆಕೆ ಆಧಾರ್ ತೋರಿಸಿ ಶೂನ್ಯ ಟಿಕೆಟು ತಗೊಳ್ಳುತ್ತಾಳೆ. ಆತ ಜೇಬಿಗೆ ಕೈ ಹಾಕಿ ನೋಟು ತೆಗೆಯುವಷ್ಟರಲ್ಲಿ ಆಕೆ ಮೊಬೈಲು ಹಿಡಿದು ಆತನ ಟಿಕೆಟ್ಟಿನ ದುಡ್ಡನ್ನೂ ಕೊಟ್ಟಾಗಿರುತ್ತದೆ. ಸಣ್ಣ ಸಂಗತಿ. ಆದರೆ ಹತ್ತು ವರ್ಷ ಮನೆಗೆ ರೊಕ್ಕ ಕಳಿಸಿದ ಕೈ ಖಾಲಿ ಕೂತಂತೆ ಆತನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ತಪ್ಪು ಯಾರದೂ ಇಲ್ಲ. ತಾನು ಇಲ್ಲದಾಗ ಮನೆ ನಿಂತುಹೋಗಿತ್ತು, ಬಂದಮೇಲೆ ಮತ್ತೆ ಶುರುವಾಗುತ್ತದೆ ಎಂದು ಗಂಡಸು ಅಂದುಕೊಂಡಿರುತ್ತಾನೆ. ಮನೆ ನಡೆದುಕೊಂಡೇ ಬಂದಿದೆ. ಬಂದ ಮರುದಿನವೇ “ಲೆಕ್ಕ ತೋರಿಸು” ಎಂದವರ ಮನೆಯಲ್ಲಿ ಜಗಳ. “ಏನೇನು ನಡದದ, ನನಗೂ ಹೇಳು” ಎಂದವರ ಮನೆಯಲ್ಲಿ ಜಾಗ. ಫೋನಿನೊಳಗೆ ಅಪ್ಪನ ಮುಖ ನೋಡಿ ಬೆಳೆದ ಮಗು ಮೂರನೇ ತಿಂಗಳು ಅಮ್ಮನನ್ನು ಮೆಲ್ಲಗೆ ಕೇಳುತ್ತದೆ: “ಅಪ್ಪ ಯಾವಾಗ ಹೋಗ್ತಾನ?” ಮಗುವಿಗೆ ಗೊತ್ತಿದ್ದ ಅಪ್ಪ ಹೋಗುವ ಅಪ್ಪ. ಇರುವ ಅಪ್ಪನ ಪರಿಚಯ ಇನ್ನು ಆಗಬೇಕು.

ಮಕ್ಕಳ ಕಾಗದ, ಮಕ್ಕಳ ಕನ್ನಡ

ರಾಯಚೂರು ಪಟ್ಟಣದಲ್ಲಿ ಬೇರೆ ತರದ ಮನೆಗಳೂ ಇವೆ. ಅಕೌಂಟೆಂಟ್, ಟೆಕ್ನಿಷಿಯನ್ ಕೆಲಸದಲ್ಲಿದ್ದು ಸಂಸಾರ ಸಮೇತ ಅಲ್ಲಿದ್ದವರು. ಇವರ ಮಕ್ಕಳು ಅಲ್ಲಿಯ ಭಾರತೀಯ ಶಾಲೆಯಲ್ಲಿ ಇಂಗ್ಲಿಷು, ಹಿಂದಿ ಕಲಿತು ಬಂದಿರುತ್ತವೆ. ಇಲ್ಲಿ 2015ರ ಕನ್ನಡ ಕಲಿಕೆ ಕಾಯ್ದೆಯಂತೆ ಶಾಲೆಗಳಲ್ಲಿ ಕನ್ನಡ ಕಲಿಯಬೇಕು. ಏಳನೆಯ ಇಯತ್ತೆಯ ಹುಡುಗ ‘ಅ ಆ ಇ ಈ’ ಶುರು ಮಾಡುತ್ತಾನೆ. ನಾಚಿಕೆಗೆ ಶಾಲೆಯೇ ಬೇಡ ಎನ್ನುತ್ತಾನೆ. ಓಣಿಯ ಹುಡುಗರ ಜೊತೆ ಆಡಲು ಬಿಟ್ಟರೆ ಅರ್ಧ ವರ್ಷದಲ್ಲಿ ಮಾತು ಬರುತ್ತದೆ; ಬರಹಕ್ಕೆ ಮಾಸ್ತರರ ತಾಳ್ಮೆ ಬೇಕು.

ಕಾಗದಪತ್ರ ಮರೆತವರಿಗೆ ಅಲೆದಾಟ ತಪ್ಪದು. ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಒಂದು ವರ್ಷದೊಳಗೆ ನೋಂದಾಯಿಸಬೇಕು. ಹಾಗೆ ಮಾಡಿಸದೆ ಇಲ್ಲಿಗೆ ನೆಲೆಸಲು ಬಂದರೆ, 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಒಂದು ಅವಕಾಶ ಉಂಟು: ಮಗು ಭಾರತಕ್ಕೆ ಬಂದ 60 ದಿನದೊಳಗೆ ಜನನ ನೋಂದಾಯಿಸಬಹುದು. ನೆಂಟರ ಮನೆ ಊಟದಲ್ಲೇ ಈ 60 ದಿನ ಕಳೆದವರು ಮುಂದೆ ಅಡ್ಮಿಶನ್ ಹೊತ್ತಿಗೆ ಕಚೇರಿಯ ಮೆಟ್ಟಿಲು ಸವೆಸುತ್ತಾರೆ.

ಬ್ಯಾಂಕಿನದೂ ಒಂದು ಮಾತು. ಹೊರದೇಶದಲ್ಲಿದ್ದಾಗ ತೆರೆದ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ. ಕಾಯಂ ಬಂದ ಮೇಲೆ ಬ್ಯಾಂಕಿಗೆ ತಿಳಿಸಿ ಅದನ್ನು ಇಲ್ಲಿನ ಸಾದಾ ಖಾತೆಯಾಗಿ ಬದಲಿಸಿಕೊಳ್ಳಬೇಕು. “ಯಾರಿಗೆ ಗೊತ್ತಾಗ್ತದ ಬಿಡ್ರಿ” ಎಂದು ಸುಮ್ಮನಿದ್ದರೆ ಮುಂದೆ ನೋಟೀಸು ಮನೆ ಹುಡುಕಿಕೊಂಡು ಬರುತ್ತದೆ.

ದೇವದುರ್ಗದ ಬಸ್ಸು

ಇಷ್ಟೆಲ್ಲ ಓದಿ ದೇವದುರ್ಗದ ಬಸ್ಸಿನಲ್ಲಿ ಕೂತವರು ನಕ್ಕಾರು. ಅಲ್ಲಿನ ಹಳ್ಳಿಗಳಲ್ಲಿ ವಿಮಾನ ಹತ್ತಿದವರಿಗಿಂತ ಗುಳೆ ಹೋದವರು ಹೆಚ್ಚು. ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟಿದ ಊರು ಸ್ವಲ್ಪ ನೆಮ್ಮದಿ. ಮುಟ್ಟದ ಊರಿನ ಮಂದಿ ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡಗಳಿಗೆ ಗಾರೆ ಹೊರಲು ಹೊರಡುತ್ತಾರೆ. ಪಾಸ್‌ಪೋರ್ಟ್ ಇಲ್ಲದಿದ್ದರೂ ಅದೂ ಪರದೇಶವೇ. ತಗಡಿನ ಶೆಡ್ಡು, ಅರ್ಥವಾಗದ ಭಾಷೆ, ಹಬ್ಬಕ್ಕೊಮ್ಮೆ ಊರು.

2020ರ ಮೇ ತಿಂಗಳಲ್ಲಿ ಈ ಎರಡೂ ಬಗೆಯವರು ಒಟ್ಟಿಗೇ ಮರಳಿದರು. ವಿಮಾನದಲ್ಲಿ ಬಂದವರಿಗೆ ಹೋಟೆಲಿನಲ್ಲಿ ಕ್ವಾರಂಟೈನು, ಗುಳೆಯಿಂದ ಬಂದವರಿಗೆ ಹಾಸ್ಟೆಲು, ಶಾಲೆ. ಮಹಾರಾಷ್ಟ್ರದಿಂದ ಬಂದವರಲ್ಲಿ ಸೋಂಕು ಕಂಡು ದೇವದುರ್ಗ ತಾಲೂಕಿನ ಹೆಸರು ರಾಜ್ಯದ ಸುದ್ದಿಯಾಯಿತು. ಯುಗಾದಿಗೆ ಬಂದಾಗ “ಬಾರಪ್ಪಾ” ಎಂದ ಊರು ಆ ತಿಂಗಳು ದೂರ ನಿಂತು ನೋಡಿತು. ಬಂದವರ ಬಗ್ಗೆ ಊರಿಗಿರುವ ಪ್ರೀತಿ ಎಷ್ಟರದು ಎಂಬುದು ಆಗ ಬೆತ್ತಲಾಯಿತು.

ಒಂದು ವಿಷಯದಲ್ಲಿ ಗುಳೆಯವರೇ ವಾಸಿ. ಅವರು ವರ್ಷವರ್ಷ ಹೋಗಿ ಬಂದು ಮಾಡುವುದರಿಂದ ಊರಿನ ಲೆಕ್ಕ ಪೂರ್ತಿ ತಪ್ಪುವುದಿಲ್ಲ. ಬಂದ ಮರುದಿನ ಬೀಗರ ಹೊಲದಲ್ಲಿ ಹತ್ತಿ ಬಿಡಿಸಲು ಹೋಗುತ್ತಾರೆ, ಯಾರೂ ಬೆರಗಾಗುವುದಿಲ್ಲ. ‘ದುಬೈದವರು’ ಹತ್ತಿ ಬಿಡಿಸಲು ಹೋದರೆ ಊರೆಲ್ಲ ಮಾತು. ಕೆಲಸ ಇಲ್ಲದ್ದಕ್ಕಿಂತ, ಸಿಕ್ಕ ಕೆಲಸ ಮಾಡಲು ಬಿಡದ ಈ ಮಾತೇ ಅನೇಕರನ್ನು ಮನೆಯಲ್ಲಿ ಕೂರಿಸಿದೆ.

ಹೋಗಲು ಕಾನೂನು, ಬರಲು?

ಹೊರಡುವವರಿಗೆ ಸರ್ಕಾರದ ನಿಯಮ ಉಂಟು. 1983ರ ವಲಸೆ ಕಾಯ್ದೆಯಡಿ, ಹತ್ತನೇ ಇಯತ್ತೆ ಪಾಸಾಗದವರು ಕೊಲ್ಲಿಗೆ ದುಡಿಯಲು ಹೋಗುವಾಗ ಪರವಾನಗಿ ಬೇಕು, ವಿಮೆ ಬೇಕು. ಮರಳಿದವರ ಗತಿ ಏನು? ಕೇರಳದಲ್ಲಿ 1996ರಿಂದಲೇ ಹೊರನಾಡಿನವರಿಗಾಗಿ ‘ನೋರ್ಕಾ’ ಎಂಬ ಪ್ರತ್ಯೇಕ ಇಲಾಖೆ ಇದೆ. ಮರಳಿ ಬಂದವರು ಉದ್ಯೋಗ ಹೂಡಲು ಬ್ಯಾಂಕ್ ಸಾಲ, ಅದಕ್ಕೆ ಸಬ್ಸಿಡಿ ಕೊಡಿಸುವ ಯೋಜನೆ ಇದೆ. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇರುವುದು ಬೆಂಗಳೂರಿನಲ್ಲಿ. ರಾಯಚೂರಿನಿಂದ ಒಂದು ರಾತ್ರಿಯ ಪ್ರಯಾಣ. ಮಾನ್ವಿಯ ಡ್ರೈವರಿಗೆ ಅದರ ಹೆಸರೂ ಕಿವಿಗೆ ಬಿದ್ದಿರುವುದು ಅನುಮಾನ. ಜಿಲ್ಲಾ ಕಚೇರಿಯಲ್ಲಿ ವಾರಕ್ಕೊಂದು ದಿನ, ಒಂದು ಮೇಜು, ಒಬ್ಬ ಗುಮಾಸ್ತ. ಲೈಸೆನ್ಸು, ಖಾತೆ, ಮಗುವಿನ ಜನನ ನೋಂದಣಿ, ಸಾಲದ ಅರ್ಜಿ ಎಲ್ಲಿ ಎಂದು ದಾರಿ ತೋರಿಸಿದರೆ ಸಾಕು. ಇದಕ್ಕೆ ಕೋಟಿ ರೂಪಾಯಿ ಬೇಡ.

ಉಳಿದದ್ದು ಊರಿನ ಕೈಯಲ್ಲೇ ಇದೆ. ಅಲ್ಲಿ ಬಿಸಿಲಿನಲ್ಲಿ ದುಡಿದು ಬಂದವರಿಗೆ ರಾಯಚೂರಿನ ಬಿಸಿಲು ಹೊಸದಲ್ಲ. ಕಬ್ಬಿಣ ಬೆಸೆಯುವುದು, ಎ.ಸಿ. ರಿಪೇರಿ, ದೊಡ್ಡ ಗಾಡಿ, ದೊಡ್ಡ ಅಡಿಗೆ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ನಿಲ್ಲುವ ಶಿಸ್ತು, ಇವೆಲ್ಲ ಅವರ ಪೆಟ್ಟಿಗೆಯಲ್ಲಿ ಬಂದ ಸಾಮಾನುಗಳೇ. ಗಂಜಿನ ರೈಸ್‌ಮಿಲ್ಲಿನವರಿಗೆ, ಲಾರಿ ಮಾಲೀಕರಿಗೆ, ಗ್ಯಾರೇಜಿನವರಿಗೆ ಇವು ಬೇಕಾದವು. ಕೇಳುವವರು ಬೇಕು, ಅಷ್ಟೇ.

ಒಂದು ಗುರುತು ಹೇಳಿ ಮುಗಿಸಬಹುದು. ಕಾಯಂ ಬಂದವರೊಬ್ಬರು ಬೆಳಿಗ್ಗೆ ತೀನ್ ಕಂದೀಲ್ ಹತ್ತಿರದ ಹೋಟೆಲಿಗೆ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನಲು ಹೋಗುತ್ತಾರೆ. ಜೇಬಿನಲ್ಲಿ ಚಿಲ್ಲರೆ ಇಲ್ಲ, ಮೊಬೈಲಿನಲ್ಲಿ ಚಾರ್ಜಿಲ್ಲ. ಗಲ್ಲಾದ ಮೇಲಿದ್ದವರು ತಲೆ ಎತ್ತದೆ ಅನ್ನುತ್ತಾರೆ: “ಇರಲಿ ಬಿಡ್ರಿ, ನಾಳಿಗಿ ಕೊಡ್ರಿ.” ಪುಸ್ತಕ ತೆಗೆದು ಹೆಸರು ಬರೆಯುತ್ತಾರೆ.

ರಜೆಗೆ ಬಂದವರ ಹೆಸರನ್ನು ಯಾವ ಅಂಗಡಿಯವರೂ ಉದ್ರಿ ಪುಸ್ತಕದಲ್ಲಿ ಬರೆಯುವುದಿಲ್ಲ. ಹೆಸರು ಬಿದ್ದ ದಿನ ಆತ ಊರಿಗೆ ಬಂದಂತೆ.